ಮಹಡಿಯ ಮೇಲಿನ ಎರಡು ಊಟದ ಕೋಣೆಗಳು

ನಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಕೊಚ್ಚಿಯ ಕಡೆಯ ಒಂದು ಮನರಂಜನಾ ಪಾರ್ಕಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಮಧ್ಯಾಹ್ನ ಊಟದ ಕೂಪನ್ ಹಿಡಿದು ಉದ್ದದ ಸಾಲಿನಲ್ಲಿ ನಿಂತಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಇದರ ಯಜಮಾನರು ಕೂಡ ಹೀಗೆ ಸಾಲು ನಿಂತೇ ಉಣ್ಣುವುದಾ?" ನಾವೆಲ್ಲ ನಕ್ಕೆವು. ಆದರೆ ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಅಮೆರಿಕದ ಚರಿತ್ರೆಯ ಒಂದು ಅಧ್ಯಾಯವೇ ತೆರೆದುಕೊಳ್ಳುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ಇಂಥ ಪಾರ್ಕುಗಳಿಗೆಲ್ಲ ಮಾದರಿಯಾದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್ ಎಂಬ ಊರಿನ ಡಿಸ್ನಿಲ್ಯಾಂಡ್. 1955ರ ಜುಲೈ 17ರಂದು ಅದು ತೆರೆಯಿತು. ಕಟ್ಟಿದವರು ಮಿಕ್ಕಿ ಇಲಿಯ ಕಾರ್ಟೂನಿನಿಂದ ಹೆಸರಾದ ವಾಲ್ಟ್ ಡಿಸ್ನಿ. ಅವರು ರಜಾದಿನಗಳಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾವು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕಾಯುತ್ತಿದ್ದರಂತೆ. ತಂದೆತಾಯಿ, ಮಕ್ಕಳು ಒಟ್ಟಿಗೆ ಸಂತೋಷಪಡುವ ಜಾಗವೊಂದು ಬೇಕು ಎಂದು ಹೊಳೆದದ್ದು ಅಲ್ಲಿಯೇ ಎಂದು ಅವರೇ ಹೇಳಿದ್ದರು. ಬಂದವರೆಲ್ಲರಿಗೂ ಸ್ವಾಗತ ಎಂಬುದು ಡಿಸ್ನಿಲ್ಯಾಂಡಿನ ಮೊದಲ ದಿನದ ಘೋಷಣೆ. ಕುಟುಂಬಗಳು ಬರುವ ಜಾಗವಾದ್ದರಿಂದ ಒಳಗೆ ಸಾರ್ವಜನಿಕರಿಗೆ ಮದ್ಯ ಮಾರುವಂತಿರಲಿಲ್ಲ.

ಈ ಪಾರ್ಕಿನಲ್ಲಿ 1966ರ ಜುಲೈಯಲ್ಲಿ 'ನ್ಯೂ ಆರ್ಲಿಯನ್ಸ್ ಚೌಕ' ಎಂಬ ಹೊಸ ಭಾಗ ಸೇರಿತು. ದಕ್ಷಿಣದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಫ್ರೆಂಚ್ ಬೀದಿಗಳನ್ನು ಹೋಲುವಂತೆ ಕಬ್ಬಿಣದ ಕಸೂತಿಯ ಬಾಲ್ಕನಿಗಳು, ಸಣ್ಣ ಸಣ್ಣ ಅಂಗಳಗಳು, ಓಣಿಗಳು. ಇಲ್ಲಿನ ರಾಯಲ್ ಸ್ಟ್ರೀಟಿನಲ್ಲಿ ಒಂದು ಸಾಧಾರಣ ಬಾಗಿಲು. ಪಕ್ಕದಲ್ಲಿ 33 ಎಂಬ ಸಂಖ್ಯೆ. ಸಾವಿರಾರು ಜನ ಅದನ್ನು ಗಮನಿಸದೆ ದಾಟಿ ಹೋಗುತ್ತಿದ್ದರು. ಸದಸ್ಯರು ಅಲ್ಲಿ ಗುಂಡಿ ಒತ್ತಿ ಹೆಸರು ಹೇಳಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಅದೇ 'ಕ್ಲಬ್ 33'. ಸದಸ್ಯರಿಗೂ ಅವರ ಅತಿಥಿಗಳಿಗೂ ಮಾತ್ರ ಮೀಸಲಾದ ಊಟದ ಮನೆ!

ಇದರ ಬೀಜ ಬಿದ್ದದ್ದು 1964-65ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ. ಅಲ್ಲಿ ಡಿಸ್ನಿಯವರು ಫೋರ್ಡ್, ಜನರಲ್ ಎಲೆಕ್ಟ್ರಿಕ್ ಮುಂತಾದವರಿಗಾಗಿ ಪ್ರದರ್ಶನಗಳನ್ನು ಕಟ್ಟಿಕೊಟ್ಟರು. ಕಂಪೆನಿಗಳು ತಮ್ಮ ಗಣ್ಯ ಅತಿಥಿಗಳಿಗೆಂದು ಬೇರೆಯೇ ಕೋಣೆಗಳನ್ನು ಇಟ್ಟುಕೊಂಡಿದ್ದವು. ತಮ್ಮ ಪಾರ್ಕಿಗೆ ಹಣ ಹೂಡುವ ಕಂಪೆನಿಗಳ ದೊಡ್ಡವರನ್ನು ಉಪಚರಿಸಲು ತಮಗೂ ಅಂಥದೊಂದು ಬೇಕೆಂದು ವಾಲ್ಟ್ ಡಿಸ್ನಿಗೆ ಅನಿಸಿತು. ಆದರೆ ಅದು ತೆರೆಯುವುದನ್ನು ನೋಡಲು ಅವರು ಉಳಿಯಲಿಲ್ಲ. 1966ರ ಡಿಸೆಂಬರ್ 15ರಂದು ತೀರಿಕೊಂಡರು; ಕ್ಲಬ್ ತೆರೆದದ್ದು 1967ರಲ್ಲಿ.

ಒಳಗಿನ ವೈಭವವನ್ನು ಸ್ವಲ್ಪ ಹೇಳಲೇಬೇಕು. ಮೇಲಕ್ಕೆ ಹೋಗಲು ಒಂದು ಪುಟ್ಟ ಫ್ರೆಂಚ್ ಲಿಫ್ಟ್. ಪ್ಯಾರಿಸಿನ ಹೋಟೆಲೊಂದರಲ್ಲಿ ಕಂಡ ಲಿಫ್ಟನ್ನು ಡಿಸ್ನಿ ಕೊಳ್ಳಲು ಹೋದರಂತೆ, ಮಾಲೀಕ ಕೊಡಲಿಲ್ಲ. ಆಮೇಲೆ ಅದರ ಅಳತೆ ತೆಗೆಸಿ ಅಂಥದನ್ನೇ ಮಾಡಿಸಿದರು. ಡಿಸ್ನಿಯ ಪತ್ನಿ ಲಿಲಿಯನ್ ಮತ್ತು ಅಲಂಕಾರಗಾರ ಎಮಿಲ್ ಕೂರಿ ನ್ಯೂ ಆರ್ಲಿಯನ್ಸಿನ ಹಳೆ ಸಾಮಾನುಗಳ ಅಂಗಡಿ ಸುತ್ತಿ ವಸ್ತುಗಳನ್ನು ತಂದರು. ಒಂದು ಕೋಣೆಯ ದೀಪಗುಚ್ಛಗಳಲ್ಲಿ ಮೈಕುಗಳಿದ್ದವು! ಊಟ ಮಾಡುವವರ ಮಾತು ಕೇಳಿಸಿಕೊಂಡು, ಮೂಲೆಯಲ್ಲಿ ಕೂರಿಸಿದ ಯಂತ್ರದ ರಣಹದ್ದು ಅವರೊಡನೆ ಹರಟಬೇಕು ಎಂಬ ಯೋಜನೆ. ಅದು ಅಂದುಕೊಂಡಂತೆ ನಡೆಯಲಿಲ್ಲ. ಊಟವೆಂದರೆ ಬಿಳಿ ಬಟ್ಟೆ ಹಾಸಿದ ಮೇಜು, ಒಂದಾದ ಮೇಲೆ ಒಂದರಂತೆ ನಿಧಾನವಾಗಿ ಬರುವ ಭಕ್ಷ್ಯಗಳು, ಜೊತೆಗೆ ವೈನ್. ಹೌದು, ಕೆಳಗೆ ಮದ್ಯವಿಲ್ಲ, ಮೇಲೆ ಉಂಟು! ಕೆಳಗೆ ಸಾರ್ವಜನಿಕರಿಗೆ ಅದು ಸಿಗತೊಡಗಿದ್ದು 2019ರಲ್ಲಿ, ಪಾರ್ಕಿನ ಇನ್ನೊಂದು ಹೊಸ ಭಾಗ ತೆರೆದಾಗ.

ಸದಸ್ಯತ್ವದ ದರವೆಷ್ಟು? 2012ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂದಂತೆ ಸೇರುವಾಗ 25 ಸಾವಿರ ಡಾಲರ್, ಆಮೇಲೆ ವರ್ಷಕ್ಕೆ 10 ಸಾವಿರ ಡಾಲರ್. ಊಟದ ಬಿಲ್ಲು ಬೇರೆ. ಅಷ್ಟು ಕೊಡಲು ತಯಾರಿದ್ದರೂ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಆ ಹುಡುಗಿಯ ಪ್ರಶ್ನೆಗೆ ಉತ್ತರ: ಇಲ್ಲ ಮಗೂ, ಅವರು ಸಾಲಿನಲ್ಲಿ ನಿಲ್ಲುವುದಿಲ್ಲ. ಅವರ ಸಾಲೇ ಬೇರೆ.

ಇಲ್ಲಿಗೇ ನಿಲ್ಲಿಸಿದರೆ ಇದು ಶ್ರೀಮಂತರ ಕಥೆಯಷ್ಟೇ ಆದೀತು. ಆದರೆ ಡಿಸ್ನಿಯವರು ನಕಲು ಮಾಡಿದ ಆ ನಿಜವಾದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಅದೇ ಕಾಲಕ್ಕೆ ಊಟದ ಮನೆಗಳು ಹೇಗಿದ್ದವು ಎಂಬುದನ್ನೂ ನೋಡಬೇಕು.

ಆ ಊರಿನ ಹೆಸರಾಂತ ಅಡುಗೆ 'ಗಂಬೋ'. ಮಾಂಸವನ್ನೋ ಸೀಗಡಿಯನ್ನೋ ಸೊಪ್ಪನ್ನೋ ಬೇಯಿಸಿ ಅನ್ನದ ಜೊತೆ ಬಡಿಸುವ ಗಟ್ಟಿ ಸಾರು. ಅದನ್ನು ಮಂದ ಮಾಡಲು ಹಾಕುತ್ತಿದ್ದದ್ದು ಬೆಂಡೆಕಾಯಿ. ನಾವು ಹುಳಿಗೆ ಹಾಕುವ ಅದೇ ಬೆಂಡೆಕಾಯಿ! ಆಫ್ರಿಕದ ಭಾಷೆಗಳಲ್ಲಿ ಬೆಂಡೆಕಾಯಿಗೆ ಇದ್ದ ಹೆಸರಿನಿಂದಲೇ ಗಂಬೋ ಎಂಬ ಪದ ಬಂತೆಂದು ಹೇಳುತ್ತಾರೆ. ಗುಲಾಮರಾಗಿ ತಂದ ಆಫ್ರಿಕದ ಜನರ ಕೈಯಡುಗೆ ಅದು. ಗುಲಾಮಗಿರಿ ಕಾನೂನಿನಲ್ಲಿ 1865ಕ್ಕೆ ಮುಗಿಯಿತು. ಆದರೆ ಆ ಕಪ್ಪು ಜನರ ಮೊಮ್ಮಕ್ಕಳು, ಮರಿಮಕ್ಕಳು ಇಪ್ಪತ್ತನೆಯ ಶತಮಾನದ ನಡುವಿನಲ್ಲೂ ಬಿಳಿಯರ ಹೋಟೆಲಿನಲ್ಲಿ ಕುಳಿತು ಉಣ್ಣುವಂತಿರಲಿಲ್ಲ. ಅವರೇ ಬೇಯಿಸಬಹುದು, ಅವರೇ ಬಡಿಸಬಹುದು. ಮೇಜಿನ ಮುಂದೆ ಕೂರಬಾರದು.

ಆ ನಗರದ ಟ್ರೆಮೆ ಎಂಬ ಕೇರಿಯಲ್ಲಿ 1941ರಲ್ಲಿ 'ಡೂಕಿ ಚೇಸ್' ಎಂಬ ಕಪ್ಪು ಕುಟುಂಬದ ಹೋಟೆಲು ಆರಂಭವಾಯಿತು. ಮೊದಮೊದಲು ಸ್ಯಾಂಡ್‌ವಿಚ್ ಮಾರುವ ಸಣ್ಣ ಅಂಗಡಿ. 1946ರಲ್ಲಿ ಆ ಮನೆಗೆ ಸೊಸೆಯಾಗಿ ಬಂದವರು ಲಿಯಾ ಚೇಸ್ (1923-2019). ಕಪ್ಪು ಜನರಿಗೂ ಬಿಳಿ ಬಟ್ಟೆಯ ಮೇಜು, ಒಳ್ಳೆಯ ಪಾತ್ರೆ, ಮರ್ಯಾದೆಯ ಊಟ ಬೇಕು ಎಂದು ಹಟ ಹಿಡಿದು ಹೋಟೆಲಿನ ರೂಪವನ್ನೇ ಬದಲಿಸಿದರು. ಆ ಹೋಟೆಲಿನ ಮಹಡಿಯ ಮೇಲೊಂದು ಕೋಣೆಯಿತ್ತು. ಅಲ್ಲಿ ಕಪ್ಪು ಮತ್ತು ಬಿಳಿಯ ಹೋರಾಟಗಾರರು ಒಂದೇ ಮೇಜಿನ ಸುತ್ತ ಕುಳಿತು ಗಂಬೋ ತಿನ್ನುತ್ತಾ ನಾಗರಿಕ ಹಕ್ಕುಗಳ ಚಳವಳಿಯ ಯೋಜನೆ ಹಾಕುತ್ತಿದ್ದರು. ಹಾಗೆ ಒಟ್ಟಿಗೆ ಉಣ್ಣುವುದೇ ಅಲ್ಲಿ ಕಾನೂನುಭಂಗ! ಮಾರ್ಟಿನ್ ಲೂಥರ್ ಕಿಂಗ್, ಥರ್ಗುಡ್ ಮಾರ್ಷಲ್ ಅವರಿಗೂ ಈ ಹೋಟೆಲಿನಲ್ಲಿ ಊಟ ಬಡಿಸಲಾಗಿತ್ತು.

1960ರ ಸೆಪ್ಟೆಂಬರಿನಲ್ಲಿ ಇದೇ ನಗರದ ಕೆನಾಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ, ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ನಾಲ್ವರು ಯುವಜನರು ಕುಳಿತರು. ಮೂವರು ಕಪ್ಪು, ಒಬ್ಬ ಬಿಳಿಯ. ಏಳಲು ಒಪ್ಪದ್ದಕ್ಕೆ ಬಂಧನವಾಯಿತು. 1963ರಲ್ಲಿ ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ರದ್ದು ಮಾಡಿತು. 1964ರ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು. ಹೋಟೆಲು, ಚಿತ್ರಮಂದಿರಗಳಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣ ನೋಡಿ ಹೊರಗಿಡುವುದು ಅಂದಿನಿಂದ ಅಪರಾಧವೆನಿಸಿತು. ಆದರೆ ಅದೇ ಕಾಯಿದೆ ನಿಜವಾಗಿಯೂ ಖಾಸಗಿಯಾದ ಕ್ಲಬ್ಬುಗಳಿಗೆ ವಿನಾಯಿತಿ ಕೊಟ್ಟಿತು.

ಒಂದು ಮಾತು ಸ್ಪಷ್ಟವಾಗಿರಲಿ. ಕ್ಲಬ್ 33 ಬಣ್ಣ ನೋಡಿ ಬಾಗಿಲು ಹಾಕಿತೆಂದು ನಾವು ಹೇಳುತ್ತಿಲ್ಲ. ಅಲ್ಲಿ ಕೇಳುವುದು ಹಣ. ನಾವು ಗಮನಿಸಬೇಕಾದ್ದು ಬೇರೆ. ಎರಡೂ ಕೋಣೆಗಳು ಮಹಡಿಯ ಮೇಲೆಯೇ ಇದ್ದವು, ಎರಡರಲ್ಲೂ ನ್ಯೂ ಆರ್ಲಿಯನ್ಸಿನ ಹೆಸರಿತ್ತು, ಎರಡೂ ಬೀದಿಯವರ ಕಣ್ಣಿಗೆ ಬೀಳದಂತೆ ನಡೆದವು. ಒಂದರ ಬಾಗಿಲು ಮುಚ್ಚಿದ್ದು ಕೆಲವರು ಮಾತ್ರ ಉಣ್ಣಲಿ ಎಂದು. ಇನ್ನೊಂದರ ಬಾಗಿಲು ಮುಚ್ಚಿದ್ದು ಎಲ್ಲರೂ ಒಟ್ಟಿಗೆ ಉಣ್ಣಲು ಆಗಲಿ ಎಂದು. ನ್ಯೂ ಆರ್ಲಿಯನ್ಸಿನ ಬಾಲ್ಕನಿ, ಓಣಿಗಳನ್ನು ಅಷ್ಟು ಚೆನ್ನಾಗಿ ನಕಲು ಮಾಡಿದವರ ಕಣ್ಣಿಗೆ ಈ ಎರಡನೆಯ ಕೋಣೆ ಬಿದ್ದಿರಲಿಲ್ಲ.

ಕಥೆಯ ಮುಂದಿನ ಭಾಗ ಇನ್ನೂ ಸ್ವಾರಸ್ಯವಾಗಿದೆ. 2014ರಲ್ಲಿ ಕ್ಲಬ್ಬನ್ನು ದೊಡ್ಡದು ಮಾಡಿದಾಗ ಚೌಕದ ಒಂದು ಸುಂದರ ಅಂಗಳವೂ ಅದರೊಳಗೆ ಸೇರಿಹೋಯಿತು. 'ದೇವದೂತರ ಅಂಗಳ' ಎಂದು ಅದರ ಹೆಸರು. ಬಾಗಿದ ಮೆಟ್ಟಿಲುಗಳ ಮುಂದೆ ಸಾಮಾನ್ಯ ಜನರು ದಶಕಗಳಿಂದ ಮಕ್ಕಳ ಫೋಟೋ ತೆಗೆಯುತ್ತಿದ್ದ ಜಾಗ. ಅದು ಸದಸ್ಯರ ಪ್ರವೇಶದ್ವಾರವಾಯಿತು. ಪಾರ್ಕಿನ ಅಭಿಮಾನಿಗಳು ಬಹಳ ಬೇಸರಪಟ್ಟರು. ಹಣ ಕೊಟ್ಟು ಕಟ್ಟಿಕೊಂಡ ಕೋಣೆಯ ಬಗ್ಗೆ ಇಲ್ಲದ ಸಿಟ್ಟು, ಎಲ್ಲರದಾಗಿದ್ದ ಅಂಗಳ ಹೋದಾಗ ಬಂತು. ನಮ್ಮ ಊರುಗಳಲ್ಲೂ ಆಟದ ಬಯಲು, ಕೆರೆಯ ದಂಡೆ ಹೀಗೆ ಬೇಲಿಯೊಳಗೆ ಹೋದದ್ದನ್ನು ಕಂಡವರಿಗೆ ಆ ಸಿಟ್ಟು ಅರ್ಥವಾಗುತ್ತದೆ.

ಇತ್ತ 2009ರಲ್ಲಿ ಅದೇ ಡಿಸ್ನಿ ಕಂಪೆನಿ ನ್ಯೂ ಆರ್ಲಿಯನ್ಸಿನ ಕಥೆಯಿರುವ ಕಾರ್ಟೂನು ಚಿತ್ರವೊಂದನ್ನು ತಂದಿತು. ಅದರ ನಾಯಕಿ ಟಿಯಾನಾ, ಸ್ವಂತ ಹೋಟೆಲು ತೆರೆಯುವ ಕನಸು ಕಾಣುವ ಕಪ್ಪು ಹುಡುಗಿ. ಅವಳ ಪಾತ್ರಕ್ಕೆ ಪ್ರೇರಣೆ ಯಾರು ಗೊತ್ತೇ? ಲಿಯಾ ಚೇಸ್! 2023ರ ಸೆಪ್ಟೆಂಬರಿನಲ್ಲಿ ಡಿಸ್ನಿಲ್ಯಾಂಡಿನ ಅದೇ ಚೌಕದಲ್ಲಿ ಟಿಯಾನಾಳ ಹೆಸರಿನ ಹೋಟೆಲು ತೆರೆಯಿತು. ಅಲ್ಲಿ ಸದಸ್ಯತ್ವ ಬೇಕಿಲ್ಲ. ಏಳು ಬಗೆಯ ಸೊಪ್ಪಿನ ಗಂಬೋ ಅಲ್ಲಿನ ಒಂದು ಅಡುಗೆ. ಲಿಯಾ ಚೇಸ್ ಈಸ್ಟರಿನ ಹಿಂದಿನ ಗುರುವಾರ ಮಾಡುತ್ತಿದ್ದ ಸೊಪ್ಪಿನ ಗಂಬೋವನ್ನು ನೆನಪಿಸುವಂಥದ್ದು. ಪಾರ್ಕಿನ ಟಿಕೇಟೇ ಬಡವರಿಗೆ ದುಬಾರಿ ಎಂಬುದು ನಿಜ. ಆದರೂ ಆ ಹೆಣ್ಣುಮಗಳ ಅಡುಗೆಗೆ ಚೌಕದಲ್ಲಿ ಜಾಗ ಸಿಗಲು 57 ವರ್ಷ ಬೇಕಾಯಿತು.

ಇದು ದೂರದ ದೇಶದ ಮಾತಾಯಿತು. ನಮ್ಮಲ್ಲಿ? ನಮ್ಮ ಸಂವಿಧಾನದ 15ನೇ ವಿಧಿಯು ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲು, ಮನರಂಜನೆಯ ಜಾಗಗಳಿಗೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯಬಾರದು ಎನ್ನುತ್ತದೆ. 1950ರಲ್ಲೇ ಅದು ಜಾರಿಗೆ ಬಂತು, ಅಮೆರಿಕದ ಆ ಕಾಯಿದೆಗಿಂತ 14 ವರ್ಷ ಮೊದಲು. ಊಟದ ಮನೆ ಎಂಬ ಮಾತನ್ನು ಸಂವಿಧಾನದಲ್ಲಿ ಬರೆಯಬೇಕಾಗಿ ಬಂತೆಂದರೆ, ಅದಕ್ಕೆ ಮುಂಚೆ ನಮ್ಮ ಹೋಟೆಲುಗಳಲ್ಲಿ ಏನು ನಡೆಯುತ್ತಿತ್ತು ಎಂದು ಊಹಿಸಬಹುದು. ಬೇರೆ ಪಂಕ್ತಿ, ಬೇರೆ ಲೋಟಗಳ ಕಾಲವನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಇದ್ದಾರೆ.

ಆದ್ದರಿಂದ ಏಳನೇ ತರಗತಿಯವರಿಗೆ ಈ ವಾರದ ಕೆಲಸ ಇದು: ಮನೆಯ ಅಜ್ಜ ಅಜ್ಜಿಯರ ಬಳಿ ಕುಳಿತು, ಅವರ ಬಾಲ್ಯದಲ್ಲಿ ಪೇಟೆಯ ಹೋಟೆಲಿನಲ್ಲಿ ಯಾರು ಎಲ್ಲಿ ಕುಳಿತು ಉಣ್ಣುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿ. ಒಂದು ಪುಟ ಸಾಕು. ಸೋಮವಾರ ಮಧ್ಯಾಹ್ನ ಊಟದ ಗಂಟೆ ಹೊಡೆದ ಮೇಲೆ, ವರಾಂಡದಲ್ಲಿ ಎಲ್ಲರೂ ಸಾಲಾಗಿ ಕುಳಿತು ಉಂಡಾದ ಬಳಿಕ ಓದೋಣ.