ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗದಲ್ಲಿ ಕೈಮಗ್ಗ ನೇಕಾರಿಕೆಯ ಕುಸಿತ

ಹಿನ್ನೆಲೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ಭಾಗವು ಹತ್ತಿಗೆ ಹೆಸರಾದ ಎರೆಭೂಮಿಗೆ ಸೇರಿದ ಪ್ರದೇಶವಾಗಿದೆ. ಹಿಂದೆ ಇಲ್ಲಿ ಬೆಳೆದ ಹತ್ತಿಯನ್ನು ಹಳ್ಳಿಯ ಹೆಣ್ಣುಮಕ್ಕಳೇ ನೂಲುತ್ತಿದ್ದರು. ದೇವಾಂಗ, ಕುರುಹಿನಶೆಟ್ಟಿ ಮೊದಲಾದ ನೇಕಾರ ಸಮುದಾಯದವರು ಆ ನೂಲಿನಿಂದ ಸೀರೆ, ಧೋತರಗಳನ್ನು ನೇಯ್ದು ಸಂತೆಗಳಲ್ಲಿ ಮಾರುತ್ತಿದ್ದರು.

ಕುಸಿತಕ್ಕೆ ಕಾರಣಗಳು

1818ರಲ್ಲಿ ಪೇಶ್ವೆಯ ಆಡಳಿತವು ಕೊನೆಗೊಂಡು ಧಾರವಾಡ ಸೀಮೆಯು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1858ರಲ್ಲಿ ಬಾಬಾಸಾಹೇಬ ಭಾವೆಯವರ ಬಂಡಾಯದ ನಂತರ ನರಗುಂದ ಸಂಸ್ಥಾನವೂ ಬ್ರಿಟಿಷರ ವಶವಾಯಿತು. ಈ ಅವಧಿಯಲ್ಲಿ ಮೊದಲು ನಿಂತುಹೋದದ್ದು ಮಗ್ಗವಲ್ಲ, ರಾಟೆ. ಗಿರಣಿ ನೂಲು ಅಗ್ಗವಾಗಿ ದೊರೆತುದರಿಂದ ಕೈನೂಲಿಗೆ ಬೇಡಿಕೆ ಇಲ್ಲದಂತಾಯಿತು. ನೇಕಾರರು ಹೊರಗಿನ ನೂಲನ್ನು ಅವಲಂಬಿಸಬೇಕಾಯಿತು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಧಾರವಾಡ ಸೀಮೆಯ ಹತ್ತಿಯ ಬೆಲೆ ಏರಿತು. ಇದರಿಂದ ಬೆಳೆಗಾರರಿಗೆ ಲಾಭವಾಯಿತಾದರೂ ನೇಕಾರರಿಗೆ ಕಚ್ಚಾ ಮಾಲು ದುಬಾರಿಯಾಯಿತು. 1876-78ರ ಬರಗಾಲದಲ್ಲಿ ಕಾಳಿನ ಬೆಲೆ ಹೆಚ್ಚಿ ಬಟ್ಟೆ ಕೊಳ್ಳುವವರು ಇಲ್ಲವಾದರು. 1882ರಲ್ಲಿ ವಿದೇಶಿ ಹತ್ತಿಬಟ್ಟೆಯ ಮೇಲಿನ ಆಮದು ಸುಂಕವನ್ನು ರದ್ದುಪಡಿಸಲಾಯಿತು. 1884ರ ಸುಮಾರಿಗೆ ಗದಗಕ್ಕೆ ರೈಲು ಮಾರ್ಗ ಬಂದಿತು. ಹತ್ತಿಯ ಅಂಡಿಗೆಗಳನ್ನು ಹೊತ್ತೊಯ್ದ ರೈಲು ಗಿರಣಿ ಬಟ್ಟೆಯನ್ನು ಹೊತ್ತು ತಂದಿತು.

ಉಳಿದುಬಂದ ನೇಕಾರಿಕೆ

ಗಿರಣಿಗಳು ಸುಲಭವಾಗಿ ಅನುಕರಿಸಲಾಗದ ಬಟ್ಟೆಯನ್ನು ನೇಯ್ದವರು ಮಾತ್ರ ಉಳಿದುಕೊಂಡರು. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಹೆಸರಿನ ಸೀರೆಯನ್ನು ಗಜೇಂದ್ರಗಡದಲ್ಲಿಯೂ ನೇಯಲಾಗುತ್ತದೆ. ಈ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸಲಾಗುತ್ತದೆ. ಆದರೆ ಹಲವು ನೇಕಾರರು ಸಾಹುಕಾರರಿಂದ ಸಾಲಕ್ಕೆ ನೂಲು ಪಡೆದು ಕ್ರಮೇಣ ಕೂಲಿ ನೇಕಾರರಾದರು. ಮಗ್ಗ ಉಳಿದರೂ ಬೆಲೆ ನಿಗದಿಪಡಿಸುವ ಸ್ವಾತಂತ್ರ್ಯ ಉಳಿಯಲಿಲ್ಲ.

ಸ್ವಾತಂತ್ರ್ಯಾನಂತರ ವಿದ್ಯುತ್ ಮಗ್ಗಗಳ ಪೈಪೋಟಿ ಹೆಚ್ಚಿತು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಲಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರ ಕಾಯ್ದೆಯು 1985ರಲ್ಲಿ ಅಂಗೀಕೃತವಾಯಿತು.

ಅರ್ಜಿದಾರರ ಗಮನಕ್ಕೆ

ಕೈಮಗ್ಗ ನೇಕಾರರಿಗೆ ವಾರ್ಷಿಕ ನೆರವು ನೀಡುವ ನೇಕಾರ ಸಮ್ಮಾನ್ ಯೋಜನೆಯನ್ನು 2020ರಲ್ಲಿ ರೂ. 2,000ಗಳೊಂದಿಗೆ ಆರಂಭಿಸಿ, 2022ರಲ್ಲಿ ಈ ಮೊತ್ತವನ್ನು ರೂ. 5,000ಗಳಿಗೆ ಹೆಚ್ಚಿಸಲಾಯಿತು. ಪರರ ಮಗ್ಗದಲ್ಲಿ ಕೂಲಿಗೆ ನೇಯುವವರ ಹೆಸರು ಮಗ್ಗದ ಒಡೆತನದ ದಾಖಲೆಗಳಲ್ಲಿ ಇರುವುದಿಲ್ಲ. ಆದುದರಿಂದ ಇಂತಹವರು ನೇಕಾರರೆಂದು ಗುರುತಿಸಲ್ಪಡಲು ನೇಕಾರರ ಗುರುತಿನ ಚೀಟಿಯು ಮುಖ್ಯ ಆಧಾರವಾಗಿರುತ್ತದೆ. ಚೀಟಿ ಪಡೆಯದೇ ಇರುವವರು ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬಹುದಾಗಿದೆ.