ಅಸ್ತಿತ್ವವಾದ: ಆಯ್ಕೆಯ ಹೊಣೆ

ಅಸ್ತಿತ್ವವಾದವೆಂದರೆ ನಾಸ್ತಿಕತೆ ಮತ್ತು ಸ್ವೇಚ್ಛಾಚಾರ ಎಂಬ ತಪ್ಪುತಿಳಿವಳಿಕೆ ನಮ್ಮ ತರಗತಿಗಳಲ್ಲಿಯೂ ಉಂಟು. ಸಾರ್ತ್ರ್ ನಾಸ್ತಿಕನೆಂಬುದು ನಿಜ. ಆದರೆ ಈ ಚಿಂತನೆಯ ಮೂಲಪುರುಷನಾದ ಕೀರ್ಕೆಗಾರ್ಡ್ 1843ರಲ್ಲಿಯೇ ಅಬ್ರಹಾಮನ ವಿಶ್ವಾಸವನ್ನು ಕುರಿತು ಗ್ರಂಥ ರಚಿಸಿದ ಕ್ರೈಸ್ತನು.

ಸ್ವೇಚ್ಛೆಯ ಆರೋಪಕ್ಕೆ ಕನ್ನಡದಲ್ಲಿಯೇ ಉತ್ತರವಿದೆ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ, ಆಚಾರಭ್ರಷ್ಟ ನಾರಣಪ್ಪನ ಶವಸಂಸ್ಕಾರವನ್ನು ಯಾರು ಮಾಡಬೇಕೆಂದು ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಹುಡುಕುತ್ತಾರೆ, ಉತ್ತರ ದೊರೆಯುವುದಿಲ್ಲ. ಆಯ್ಕೆಯ ಹೊಣೆಯನ್ನು ಅವರು ಗ್ರಂಥಕ್ಕಾಗಲಿ ಅಗ್ರಹಾರಕ್ಕಾಗಲಿ ಹೊರಿಸಲಾರರು.

ಅದೇ ವರ್ಷದ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ‘ಗೌದಿಯುಮ್ ಎತ್ ಸ್ಪೆಸ್’ ಮೂಲಕ, ಮನಸ್ಸಾಕ್ಷಿಯು ಮಾನವನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂದು ಬೋಧಿಸಿತು. ಆಚಾರ್ಯರ ಏಕಾಂತ ಮೌನವಾದುದು. ವಿಶ್ವಾಸಿಯ ಏಕಾಂತದಲ್ಲಿ ದೇವರ ದನಿಯುಂಟು. ಆದರೂ ಆಯ್ಕೆ ಅವನದೇ. ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುವು ದಾರಿ ತೋರಬಹುದು, ನಡೆಯಬೇಕಾದವನು ಭಕ್ತನು.