ಲ್ಯಾಬ್‌ನ ಹಳೇ ಕಥೆಗಳು, ಭಾಗ 6: ತಲೆಬುರುಡೆ ತೆರೆಯದೆ ವೈರಸ್ ಹಿಡಿದದ್ದು

ಜ್ವರ ಬಂದಾಗ ತುಟಿಯ ಅಂಚಲ್ಲಿ ಏಳೋ ಸಣ್ಣ ಗುಳ್ಳೆಗಳು ನಿಮಗೂ ಗೊತ್ತಿರಬಹುದು. ಅದು ಸಾಮಾನ್ಯವಾಗಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಕೆಲಸ. ನಾಲ್ಕು ದಿನ ಉರಿಯುತ್ತೆ, ಒಣಗುತ್ತೆ, ನಾವು ಮರೆತುಬಿಡ್ತೀವಿ.

ಅಪರೂಪಕ್ಕೆ ಇದೇ ವೈರಸ್ ಮಿದುಳಿಗೆ ಹೊಕ್ಕರೆ ಕಥೆಯೇ ಬೇರೆ. ಜ್ವರ, ತಲೆನೋವು, ತಡವರಿಸೋ ಮಾತು, ಫಿಟ್ಸ್. ಮನೆಯವರನ್ನೇ ಗುರುತಿಸದಷ್ಟು ಗೊಂದಲ. ಚಿಕಿತ್ಸೆ ಇಲ್ಲದ ಕಾಲದಲ್ಲಿ 100ರಲ್ಲಿ ಸುಮಾರು 70 ಮಂದಿ ಉಳೀತಿರಲಿಲ್ಲ.

1941ರಲ್ಲಿ ಅಮೆರಿಕದ ಮಾರ್ಗರೆಟ್ ಸ್ಮಿತ್ ಮತ್ತು ಸಂಗಡಿಗರು ಹೀಗೆ ತೀರಿಕೊಂಡ ಹಸುಗೂಸೊಂದರ ಮಿದುಳಿನಲ್ಲಿ ಈ ವೈರಸ್ ಕಂಡುಹಿಡಿದರು. ಸಾಕ್ಷಿ ಸಿಕ್ಕಿತು, ಆದರೆ ಸಾವಿನ ನಂತರ. ಬದುಕಿರೋ ರೋಗಿಯಲ್ಲಿ ಪತ್ತೆ ಹಚ್ಚೋದು ಹೇಗೆ?

ಬೆನ್ನಿನಿಂದ ನೀರು ತೆಗೆದು ನೋಡಬಹುದಿತ್ತು. ಆದರೆ ದೊಡ್ಡವರಲ್ಲಿ ಆ ನೀರಿನಿಂದ ವೈರಸ್ ಬೆಳೆಸೋಕೆ ಹೋದರೆ ಬಹುತೇಕ ಬೆಳೀತಲೇ ಇರಲಿಲ್ಲ. ಪ್ರತಿಕಾಯ ಏರೋವರೆಗೆ ಕಾಯೋಣ ಅಂದ್ರೆ ವಾರ ಕಳೀತಿತ್ತು. ರೋಗಿಗೆ ಅಷ್ಟು ಸಮಯ ಇರಲಿಲ್ಲ.

1977ರಲ್ಲಿ ಅಮೆರಿಕದಲ್ಲೇ ರಿಚರ್ಡ್ ವಿಟ್ಲಿ ತಂಡ ವಿಡಾರಬೀನ್ ಅನ್ನೋ ಔಷಧಿಯಿಂದ ಸಾವಿನ ಪ್ರಮಾಣ 70%ರಿಂದ 28%ಕ್ಕೆ ಇಳಿದದ್ದನ್ನು ತೋರಿಸಿತು. ಈಗ ಔಷಧಿ ಬಂತು. ಹಾಗಾಗಿ 'ಇದು ಹರ್ಪಿಸ್ಸೇನಾ?' ಅನ್ನೋ ಪ್ರಶ್ನೆ ಜೀವ ಉಳಿಸೋ ಪ್ರಶ್ನೆ ಆಯ್ತು. ಖಚಿತ ಉತ್ತರಕ್ಕೆ ಇದ್ದದ್ದು ಒಂದೇ ದಾರಿ: ತಲೆಬುರುಡೆ ಕೊರೆದು ಮಿದುಳಿನ ಚೂರು ತೆಗೆಯೋದು.

ಅಮೆರಿಕದ ಅಧ್ಯಯನಗಳಲ್ಲಿ ಹೀಗೆ 432 ಜನರ ಬಯಾಪ್ಸಿ ಆಯ್ತು. ಹರ್ಪಿಸ್ ಸಿಕ್ಕಿದ್ದು 195 ಮಂದಿಯಲ್ಲಿ. ಉಳಿದವರ ತಲೆ ಕೊರೆದದ್ದು ಸುಮ್ಮನೆನಾ? ಪೂರ್ತಿ ಹಾಗಲ್ಲ. ಅವರಲ್ಲಿ 38 ಮಂದಿಗೆ ಚಿಕಿತ್ಸೆ ಇರೋ ಬೇರೆ ಕಾಯಿಲೆ ಪತ್ತೆಯಾಯ್ತು. ಆದರೂ ಒಂದು ಉತ್ತರಕ್ಕೆ ತೆತ್ತ ಬೆಲೆ ಎಷ್ಟು ನೋಡಿ.

1984ರಲ್ಲಿ ಸ್ವೀಡನ್, 1986ರಲ್ಲಿ ಅಮೆರಿಕ: ಅಸೈಕ್ಲೊವಿರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಎರಡೂ ಕಡೆ ಸಾಬೀತಾಯ್ತು. ಪರೀಕ್ಷೆ ಮಾತ್ರ ಅಲ್ಲೇ ನಿಂತಿತ್ತು.

ಅದನ್ನು ಬದಲಿಸಿದ್ದು ಪಿಸಿಆರ್. ಹೌದು, ಕೋವಿಡ್‌ನಲ್ಲಿ ನೀವು ಮಾಡಿಸಿಕೊಂಡದ್ದೇ! ಚದುರಂಗದ ಮನೆಮನೆಗೂ ಅಕ್ಕಿಕಾಳು ದುಪ್ಪಟ್ಟು ಇಡೋ ಕಥೆ ಕೇಳಿದ್ದೀರಲ್ಲ? ಲೆಕ್ಕ ಅದೇ. ವೈರಸ್‌ನ ಒಂದು ಡಿಎನ್‌ಎ ತುಣುಕು ಪ್ರತಿ ಸುತ್ತಿಗೂ ಎರಡಾಗುತ್ತೆ. 30 ಸುತ್ತಿಗೆ 100 ಕೋಟಿ ದಾಟುತ್ತೆ. ಜೀವಂತ ವೈರಸ್ ಬೆಳೆಸೋ ಗೋಜೇ ಇಲ್ಲ.

1990ರಲ್ಲಿ ಬೆನ್ನಿನ ನೀರಿನಲ್ಲೇ ಹರ್ಪಿಸ್ ಡಿಎನ್‌ಎ ಪತ್ತೆಯಾದ ವರದಿ ಬಂತು. 1995ರಲ್ಲಿ ಲೇಕ್‌ಮನ್ ಮತ್ತು ವಿಟ್ಲಿ ಹಳೇ ಸ್ಯಾಂಪಲ್‌ಗಳನ್ನು ತೆಗೆದು ನೋಡಿದರು. ಬಯಾಪ್ಸಿಯಿಂದ ಖಚಿತವಾಗಿದ್ದ 54 ಮಂದಿಯಲ್ಲಿ 53 ಮಂದಿಯ ಪಿಸಿಆರ್ ಪಾಸಿಟಿವ್! ಹಿಂದೆ ತಲೆ ಕೊರೆಸಿಕೊಂಡವರ ಸ್ಯಾಂಪಲ್‌ಗಳೇ ಮುಂದಿನವರನ್ನು ಅದರಿಂದ ಪಾರು ಮಾಡಿದವು.

ಇದು ನಮಗ್ಯಾಕೆ? ಕೋಲಾರ, ಮಂಡ್ಯ ಕಡೆ 'ಮಿದುಳು ಜ್ವರ' ಅಂದ್ರೆ ನೆನಪಾಗೋದು ಸೊಳ್ಳೆಯಿಂದ ಬರೋ ಜಪಾನೀಸ್ ಎನ್ಸೆಫಲೈಟಿಸ್. ಅದಕ್ಕೆ ಲಸಿಕೆ ಇದೆ, ವೈರಸ್ ಕೊಲ್ಲೋ ಔಷಧಿ ಇಲ್ಲ. ಹರ್ಪಿಸ್‌ಗೆ ಉಲ್ಟಾ: ಔಷಧಿ ಇದೆ, ಲಸಿಕೆ ಇಲ್ಲ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣಬಹುದು.

ಪಿಸಿಆರ್ ಕೂಡ ಮೊದಲ ಎರಡು ಮೂರು ದಿನ ತಪ್ಪಿ ನೆಗೆಟಿವ್ ಬರಬಹುದು. ಅನುಮಾನ ಉಳಿದರೆ ಮತ್ತೆ ಮಾಡ್ತಾರೆ. ಅದಕ್ಕೇ ವೈದ್ಯರು ರಿಪೋರ್ಟ್‌ಗೆ ಕಾಯದೆ ಅಸೈಕ್ಲೊವಿರ್ ಶುರು ಮಾಡ್ತಾರೆ. ಜ್ವರದ ಜೊತೆ ಮಾತು, ನಡವಳಿಕೆ ಏರುಪೇರಾದರೆ 'ಬೆಳಗ್ಗೆ ನೋಡೋಣ' ಅನ್ನಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಸೇವ್ ಮಾಡಿಟ್ಕೊಳ್ಳಿ, ಮನೆಯವರಿಗೂ ಕಳಿಸಿ. 🧠

#ಲ್ಯಾಬ್‌ನಹಳೇಕಥೆಗಳು #ವಿಜ್ಞಾನಇತಿಹಾಸ #ಕನ್ನಡದಲ್ಲಿವಿಜ್ಞಾನ